ಗೇಣುದ್ದದ ಮಣ್ಣು ನೋಡಿದರೆ ಸಾಲದು



ನಿಮ್ಮಲ್ಲಿ ಅನೇಕರ ಬಳಿ ಈಗ ಮಣ್ಣು ಆರೋಗ್ಯ ಚೀಟಿ ಇದೆ. 2015 ರಲ್ಲಿ ಆರಂಭವಾದ ಯೋಜನೆಯ ಈ ಚೀಟಿಯಲ್ಲಿ 12 ಅಂಶಗಳ ವಿವರವಿರುತ್ತದೆ. ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ ಹಾಗೂ ಐದು ಲಘು ಪೋಷಕಾಂಶಗಳು. ಇವೆಲ್ಲವೂ ಬೇಕಾದವೇ. ಆದರೆ ಆ ಚೀಟಿಗಾಗಿ ಮಣ್ಣು ತೆಗೆಯುವುದು ಮೇಲಿನ 15 ಸೆಂ.ಮೀ. ಪದರದಿಂದ, ಅಂದರೆ ಒಂದು ಗೇಣಿಗೂ ಕಡಿಮೆ ಆಳದಿಂದ. ಅದರ ಕೆಳಗೆ ನೀರು ಇಳಿಯುತ್ತದೆಯೋ ನಿಲ್ಲುತ್ತದೆಯೋ ಎಂಬ ಬಗ್ಗೆ ಚೀಟಿಯಲ್ಲಿ ಒಂದು ಸಾಲೂ ಇಲ್ಲ. ಬೆಳೆಯ ಬೇರು ಮಾತ್ರ ಗೇಣುದ್ದಕ್ಕೆ ನಿಲ್ಲುವುದಿಲ್ಲ.

ಮಣ್ಣಿನ ಬಸಿಯುವ ಗುಣವನ್ನು ತಿಳಿಯದೆ ಗೊಬ್ಬರದ ಲೆಕ್ಕವನ್ನಷ್ಟೇ ಹಾಕುವುದು ಅರ್ಧ ಜ್ಞಾನ ಎಂಬುದು ಈ ಲೇಖನದ ಅಭಿಪ್ರಾಯ. ಇದಕ್ಕೆ ಸಾಕ್ಷಿಯಾಗಿ ಜಗತ್ತಿನ ಅತ್ಯಂತ ಫಲವತ್ತಾದ ನೆಲಗಳಲ್ಲಿ ಒಂದೆಂದು ಹೆಸರಾದ, ಆದರೂ ನೀರು ಬಸಿಯುವುದರಲ್ಲಿ ತುಸು ಹಿಂದುಳಿದ ಒಂದು ಮಣ್ಣಿನ ಕಥೆಯನ್ನು ನೋಡೋಣ.

ಹುಲ್ಲುಗಾವಲಿನ ಕಪ್ಪು ಮಣ್ಣು

ಅಮೆರಿಕದ ಇಲಿನಾಯ್ ರಾಜ್ಯದ ಮಧ್ಯಭಾಗ ಬಹುಮಟ್ಟಿಗೆ ಸಪಾಟಾದ ಬಯಲು. ಹಿಂದಿನ ಹಿಮಯುಗದಲ್ಲಿ ಹಿಮನದಿಗಳು ಕಲ್ಲು, ಜೇಡಿ, ಸುಣ್ಣ ಬೆರೆತ ಮಣ್ಣನ್ನು ಅಲ್ಲಿ ತಂದು ಸುರಿದವು. ಅದರ ಮೇಲೆ ಗಾಳಿಯು ನುಣುಪಾದ ರೇವೆ ಮಣ್ಣನ್ನು ಮೂರು ನಾಲ್ಕು ಅಡಿ ಹಾಸಿತು. ಆನಂತರ ಸಾವಿರಾರು ವರ್ಷಗಳ ಕಾಲ ಆಳೆತ್ತರದ ಹುಲ್ಲು ಬೆಳೆದು, ಅದರ ಬೇರುಗಳು ಮಣ್ಣಿನಲ್ಲಿಯೇ ಸತ್ತು ಕೊಳೆತವು. ಈ ಹುಲ್ಲುಗಾವಲನ್ನೇ ಅಲ್ಲಿಯವರು ಪ್ರೇರಿ ಎನ್ನುವರು.

ಇಲ್ಲಿಯ ಒಂದು ಮಣ್ಣಿಗೆ ಫ್ಲಾನಗನ್ ಎಂದು ಹೆಸರಿಡಲಾಗಿದೆ. ಗುಂಡಿ ತೋಡಿ ನೋಡಿದರೆ ಮೇಲಿನ ಸುಮಾರು ಒಂದೂವರೆ ಅಡಿ ಕಪ್ಪು ಬಣ್ಣದ, ಕೈಗೆ ಹಿಟ್ಟಿನಂತೆ ಹತ್ತುವ ರೇವೆಗೋಡು. ಅದರ ಕೆಳಗೆ ಎರಡು ಮೂರು ಅಡಿ ಜೇಡಿಯ ಅಂಶ ಹೆಚ್ಚಾದ ಕಂದು ಪದರ. ಅದಕ್ಕೂ ಕೆಳಗೆ ಹಿಮನದಿ ಬಿಟ್ಟುಹೋದ ಬಿಗಿಯಾದ, ಸುಣ್ಣ ಬೆರೆತ ಮಣ್ಣು.

ನಡುವಿನ ಕಂದು ಪದರವನ್ನು ಗಮನಿಸಿ ನೋಡಬೇಕು. ಅದರಲ್ಲಿ ಬೂದು ಬಣ್ಣದ ಕಲೆಗಳೂ ತುಕ್ಕಿನ ಬಣ್ಣದ ಚುಕ್ಕೆಗಳೂ ಕಾಣುತ್ತವೆ. ಮಣ್ಣಿನ ರಂಧ್ರಗಳಲ್ಲಿ ಬಹು ದಿನ ನೀರು ತುಂಬಿದ್ದರೆ ಗಾಳಿ ಆಡುವುದಿಲ್ಲ. ಆಮ್ಲಜನಕ ಸಿಗದಿದ್ದಾಗ ಮಣ್ಣಿನಲ್ಲಿರುವ ಕಬ್ಬಿಣ ಕರಗಿ ಸರಿದುಹೋಗುತ್ತದೆ. ಉಳಿದ ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ನೀರು ಇಳಿದು ಗಾಳಿ ಬಂದ ಕಡೆ ಅದೇ ಕಬ್ಬಿಣ ತುಕ್ಕಾಗಿ ಕೂಡುತ್ತದೆ. ಆದುದರಿಂದ ಈ ಕಲೆಗಳು ನೀರು ಎಲ್ಲಿಯವರೆಗೆ ಏರುತ್ತಿತ್ತೆಂಬುದನ್ನು ಬರೆದಿಟ್ಟ ಲೆಕ್ಕದ ಪುಸ್ತಕವಿದ್ದಂತೆ. ಬೇಸಗೆಯಲ್ಲಿ ಗುಂಡಿ ಒಣಗಿದ್ದರೂ ಈ ಲೆಕ್ಕ ಅಳಿಸುವುದಿಲ್ಲ.

ಮಣ್ಣು ಸಮೀಕ್ಷೆಯವರು ಬಸಿಯುವ ಗುಣವನ್ನು ಏಳು ದರ್ಜೆಗಳಾಗಿ ವಿಂಗಡಿಸುತ್ತಾರೆ. ಅತಿಯಾಗಿ ಬಸಿಯುವುದು ಒಂದು ಕೊನೆ, ಸದಾ ಜೌಗಾಗಿರುವುದು ಇನ್ನೊಂದು ಕೊನೆ. ಫ್ಲಾನಗನ್ ಮಣ್ಣಿನದು ಐದನೆಯ ದರ್ಜೆ: ತುಸು ಕಡಿಮೆ ಬಸಿಯುವ ಮಣ್ಣು. ಚಳಿಗಾಲ ಮತ್ತು ವಸಂತದ ತಿಂಗಳುಗಳಲ್ಲಿ ಇದರಲ್ಲಿ ನೀರಿನ ಮಟ್ಟ ನೆಲದಿಂದ ಒಂದೆರಡು ಅಡಿಯವರೆಗೆ ಏರಿ ನಿಲ್ಲುತ್ತದೆ. ಪಕ್ಕದ ದಿಬ್ಬದ ಮೇಲಿರುವ ಕ್ಯಾಟ್ಲಿನ್ ಮಣ್ಣು ಇದಕ್ಕಿಂತ ಚೆನ್ನಾಗಿ ಬಸಿಯುತ್ತದೆ. ತಗ್ಗಿನಲ್ಲಿರುವ ಡ್ರಮ್ಮರ್ ಮಣ್ಣಿನಲ್ಲಿ ನೀರು ನೆಲದ ಮಟ್ಟಕ್ಕೇ ಬರುತ್ತದೆ. ಈ ಮೂರಕ್ಕೂ ನಡುವೆ ಇರುವ ಏರುತಗ್ಗು ಕೆಲವೇ ಅಡಿ. ಒಂದೇ ಹೊಲದಲ್ಲಿ ಮೂರೂ ಇರಬಹುದು.

ಕಣ್ಣಿಗೆ ಕಾಣದ ನಷ್ಟ

ಪೂರ್ಣ ಜೌಗು ನೆಲದ ಬಗ್ಗೆ ಯಾರೂ ಮೋಸ ಹೋಗುವುದಿಲ್ಲ; ಅಲ್ಲಿ ಆಪು ಬೆಳೆದಿರುವುದು ಕಣ್ಣಿಗೆ ಕಾಣುತ್ತದೆ. ತುಸು ಕಡಿಮೆ ಬಸಿಯುವ ನೆಲವೇ ರೈತನನ್ನು ಮರುಳು ಮಾಡುವುದು. ಮಳೆ ಹದವಾಗಿ ಬಂದ ವರ್ಷ ಅದು ಬಂಗಾರದಂತೆ ಬೆಳೆಯುತ್ತದೆ. ಮಳೆ ಕಡಿಮೆಯಾದ ವರ್ಷ ದಿಬ್ಬದ ಮಣ್ಣಿಗಿಂತ ಹೆಚ್ಚು ದಿನ ತಂಪು ಉಳಿಸಿಕೊಂಡು ಬೆಳೆಯನ್ನು ಕಾಯುತ್ತದೆ. ಬಿತ್ತನೆಯ ಕಾಲದಲ್ಲಿ ಮಳೆ ಹೆಚ್ಚಾದ ವರ್ಷ ಮಾತ್ರ ಕೈಕೊಡುತ್ತದೆ.

ಅಂಥ ವರ್ಷ ಆಗುವುದೇನು? ಒದ್ದೆ ಮಣ್ಣು ಬೇಗ ಬೆಚ್ಚಗಾಗದೆ ಮೊಳಕೆ ತಡವಾಗುತ್ತದೆ. ಹದ ಬರುವ ಮುನ್ನ ಟ್ರಾಕ್ಟರ್ ಇಳಿಸಿದರೆ ಅದರ ಭಾರಕ್ಕೆ ಕೆಳಪದರ ಅದುಮಿಕೊಂಡು ಮತ್ತಷ್ಟು ಬಿಗಿಯಾಗುತ್ತದೆ. ಎಳೆಯ ಮುಸುಕಿನ ಜೋಳದ ಪೈರು ಎರಡು ಮೂರು ದಿನಗಳಿಗಿಂತ ಹೆಚ್ಚು ನೀರಿನಲ್ಲಿ ಮುಳುಗಿದ್ದರೆ ಉಳಿಯುವುದು ಕಷ್ಟ. ಉಳಿದ ಪೈರಿನ ಬೇರು ನೀರಿಗೆ ಹೆದರಿ ಮೇಲೆಯೇ ಹರಡುತ್ತದೆ. ಮುಂದೆ ಬಿಸಿಲು ಬಂದಾಗ ಅದೇ ಪೈರು ಮೊದಲು ಬಾಡುತ್ತದೆ. ಹಾಕಿದ ಸಾರಜನಕದ ಒಂದು ಪಾಲು ಅನಿಲವಾಗಿ ಗಾಳಿಗೆ ಸೇರುತ್ತದೆ. ಎಲೆ ಹಳದಿಯಾದುದನ್ನು ಕಂಡ ರೈತ ಯೂರಿಯಾ ಸಾಲಲಿಲ್ಲವೆಂದು ಇನ್ನೊಂದು ಚೀಲ ತರುತ್ತಾನೆ. ರೋಗ ಒಂದು, ಮದ್ದು ಇನ್ನೊಂದು.

ಬಸಿದವರು ಕಲಿತ ಎರಡು ಪಾಠ

19 ನೆಯ ಶತಮಾನದ ಉತ್ತರಾರ್ಧದಲ್ಲಿ ಇಲಿನಾಯ್ ರೈತರು ಸುಟ್ಟ ಮಣ್ಣಿನ ಕೊಳವೆಗಳನ್ನು ಮೂರು ನಾಲ್ಕು ಅಡಿ ಆಳದಲ್ಲಿ ಸಾಲಾಗಿ ಹೂಳಿ ಹೆಚ್ಚಿನ ನೀರನ್ನು ಬಸಿದುಹಾಕತೊಡಗಿದರು. ಈಗ ಆ ಕೆಲಸಕ್ಕೆ ರಂಧ್ರಗಳುಳ್ಳ ಪ್ಲಾಸ್ಟಿಕ್ ಕೊಳವೆಗಳು ಬಂದಿವೆ. ಆ ರಾಜ್ಯದಲ್ಲಿ ಹೀಗೆ ಬಸಿಗೊಳವೆ ಹೂಳಿದ ಭೂಮಿ ಅಂದಾಜು ಒಂದು ಕೋಟಿ ಎಕರೆ.

ಒಬ್ಬನ ಹೊಲದಿಂದ ಹೊರಬಿದ್ದ ನೀರು ಇನ್ನೊಬ್ಬನ ಹೊಲ ದಾಟದೆ ಹಳ್ಳ ಸೇರಲಾರದು. ಆದುದರಿಂದ 1879 ರಲ್ಲಿ ಅಲ್ಲಿ ಕಾನೂನು ಮಾಡಿ, ಭೂಮಾಲೀಕರು ಕೂಡಿ ಬಸಿಗಾಲುವೆಯ ವಿಭಾಗಗಳನ್ನು ರಚಿಸಿಕೊಳ್ಳಲು, ಅದರ ವೆಚ್ಚಕ್ಕೆ ಪ್ರತಿಯೊಬ್ಬರಿಂದ ಪಾಲು ವಸೂಲು ಮಾಡಲು ಅವಕಾಶ ಕಲ್ಪಿಸಲಾಯಿತು. ಬಸಿಯುವುದು ಒಂಟಿ ರೈತನ ಕೆಲಸವಲ್ಲ, ನೆರೆಹೊರೆಯವರೆಲ್ಲ ಕೂಡಿ ಮಾಡುವ ಕೆಲಸ ಎಂಬುದು ಮೊದಲನೆಯ ಪಾಠ.

ಎರಡನೆಯ ಪಾಠ ಇದಕ್ಕಿಂತ ಮುಖ್ಯವಾದುದು. ಆ ಮಣ್ಣು ಕಪ್ಪಾಗಿ ಫಲವತ್ತಾದುದಕ್ಕೆ ಹುಲ್ಲಿನ ಬೇರು ಒಂದು ಕಾರಣವಾದರೆ ತೇವ ಇನ್ನೊಂದು ಕಾರಣ. ಗಾಳಿ ಕಡಿಮೆಯಿದ್ದುದರಿಂದ ಸಾವಯವ ಪದಾರ್ಥ ನಿಧಾನವಾಗಿ ಕೊಳೆತು ಸಂಗ್ರಹವಾಯಿತು. ನೀರು ಬಸಿದು, ಉತ್ತು, ಗಾಳಿಯಾಡಿಸಿದ ಮೇಲೆ ಅದೇ ಪದಾರ್ಥ ಬೇಗ ಕರಗತೊಡಗಿತು. ಮೊದಲ ವರ್ಷಗಳ ಸಮೃದ್ಧ ಬೆಳೆ ಒಂದು ರೀತಿಯಲ್ಲಿ ಗಂಟು ಕರಗಿಸಿ ಉಂಡ ಊಟ.

ಇದನ್ನು ತೋರಿಸಿಕೊಟ್ಟದ್ದು ಅರ್ಬಾನಾ ಊರಿನ ಇಲಿನಾಯ್ ವಿಶ್ವವಿದ್ಯಾಲಯದ ಮಾರೋ ತಾಕುಗಳು. 1876 ರಲ್ಲಿ ಆರಂಭವಾದ ಈ ಪ್ರಯೋಗದ ತಾಕುಗಳಿರುವುದು ಫ್ಲಾನಗನ್ ಮಣ್ಣಿನ ಮೇಲೆಯೇ. ಒಂದು ತಾಕಿನಲ್ಲಿ ಪ್ರತಿ ವರ್ಷ ಮುಸುಕಿನ ಜೋಳ. ಇನ್ನೊಂದರಲ್ಲಿ ಎರಡು ಬೆಳೆಗಳ ಸರದಿ. ಮತ್ತೊಂದರಲ್ಲಿ ಜೋಳ, ಓಟ್ಸ್, ಮೇವಿನ ದ್ವಿದಳ ಬೆಳೆಗಳ ಸರದಿ. 1904 ರಿಂದ ಕೆಲವು ಭಾಗಗಳಿಗೆ ಕೊಟ್ಟಿಗೆ ಗೊಬ್ಬರ, ಸುಣ್ಣ, ರಂಜಕ ಕೊಡಲಾಯಿತು. 1955 ರಿಂದ ಕೆಲವು ಭಾಗಗಳಿಗೆ ರಾಸಾಯನಿಕ ಗೊಬ್ಬರಗಳನ್ನೂ ಸೇರಿಸಲಾಯಿತು. ಗೊಬ್ಬರವಿಲ್ಲದೆ ಒಂದೇ ಬೆಳೆ ಬೆಳೆದ ಭಾಗ ತನ್ನ ಸಾವಯವ ಅಂಶದ ಬಹುಪಾಲನ್ನು ಕಳೆದುಕೊಂಡು ಅತಿ ಕಡಿಮೆ ಇಳುವರಿಗೆ ಇಳಿಯಿತು. ಸರದಿ ಬೆಳೆಯೂ ಗೊಬ್ಬರವೂ ಕೂಡಿದ ಭಾಗ ಹೆಚ್ಚು ಉಳಿಸಿಕೊಂಡಿತು. ಮಣ್ಣು ಒಂದೇ, ಮಳೆ ಒಂದೇ, ಬೇರೆಯಾದುದು ಬೇಸಾಯ ಮಾತ್ರ. ಈ ತಾಕುಗಳ ಮೇಲೆ ನೆರಳು ಬೀಳಬಾರದೆಂದು ಪಕ್ಕದಲ್ಲಿ 1969 ರಲ್ಲಿ ಮುಗಿದ ಗ್ರಂಥಾಲಯವನ್ನು ನೆಲದ ಕೆಳಗೆ ಕಟ್ಟಿದರೆಂದರೆ ಆ ಪಾಠಕ್ಕೆ ಅವರು ಕೊಟ್ಟ ಬೆಲೆ ಎಷ್ಟೆಂಬುದನ್ನು ನೀವೇ ಊಹಿಸಬಹುದು.

ಬಸಿಗೊಳವೆಗಳ ಇನ್ನೊಂದು ಮುಖವನ್ನೂ ಹೇಳಬೇಕು. ನೀರಿನ ಜೊತೆಗೆ ನೈಟ್ರೇಟ್ ರೂಪದ ಸಾರಜನಕವೂ ಕೊಳವೆಯಲ್ಲಿ ಹರಿದು ಮಿಸಿಸಿಪ್ಪಿ ನದಿ ಸೇರಿ, ಮೆಕ್ಸಿಕೊ ಕೊಲ್ಲಿಗೆ ಹೋಗುತ್ತದೆ. ಅಲ್ಲಿ ಬೇಸಗೆಯಲ್ಲಿ ಆಮ್ಲಜನಕ ಕುಗ್ಗಿ, ಮೀನು ಬದುಕಲಾರದ ವಲಯ ಏರ್ಪಡುತ್ತದೆ. 2017 ರಲ್ಲಿ ಅದು 22 ಸಾವಿರ ಚದರ ಕಿ.ಮೀ.ಗಿಂತ ಹೆಚ್ಚು ಹರಡಿತ್ತು. ರೈತನಿಗೆ ಗೊಬ್ಬರದ ನಷ್ಟ, ಮೀನುಗಾರನಿಗೆ ಅನ್ನದ ನಷ್ಟ. ಆದ ಕಾರಣ ಈಗ ಅಲ್ಲಿ ಕೊಳವೆಯ ಬಾಯಿಗೆ ತಡೆಬಾಗಿಲು ಇಟ್ಟು, ಬೇಕಾದಾಗ ಮಾತ್ರ ನೀರು ಬಿಡುವ ಪದ್ಧತಿಯೂ ಬಳಕೆಗೆ ಬಂದಿದೆ. ಬಸಿಯುವುದೆಂದರೆ ಒಣಗಿಸುವುದಲ್ಲ, ಬೇರಿಗೆ ಬೇಡವಾದಷ್ಟನ್ನು ಮಾತ್ರ ತೆಗೆಯುವುದು.

ನಮ್ಮ ಎರೆ ಭೂಮಿಗೆ ಇದರಿಂದೇನು?

ಇಲಿನಾಯ್ ಕಪ್ಪು ಮಣ್ಣು ಬೇರೆ, ನಮ್ಮ ಎರೆ ಮಣ್ಣು ಬೇರೆ. ಅಲ್ಲಿಯ ಕಪ್ಪು ಸಾವಯವ ಪದಾರ್ಥದ ಗುರುತು. ನಮ್ಮ ಎರೆ ಭೂಮಿ ಕಪ್ಪಾಗಿದ್ದರೂ ಅದರಲ್ಲಿ ಸಾವಯವ ಅಂಶ ಸಾಮಾನ್ಯವಾಗಿ ಕಡಿಮೆ. ಆದುದರಿಂದ ಬಣ್ಣ ನೋಡಿ ಸಾರ ಅಳೆಯಬೇಡಿ. ಇನ್ನೊಂದು ವ್ಯತ್ಯಾಸವೂ ಇದೆ. ಅಲ್ಲಿ ವರ್ಷಕ್ಕೆ ಸುಮಾರು 1000 ಮಿ.ಮೀ. ಮಳೆಯಾಗಿ ಲವಣಗಳು ತೊಳೆದುಹೋಗುತ್ತವೆ. ನಮ್ಮ ರಾಯಚೂರು, ಕೊಪ್ಪಳದ ಕಡೆ ಮಳೆ 600 ಮಿ.ಮೀ. ಆಸುಪಾಸು, ಬಿಸಿಲು ಹೆಚ್ಚು. ಕಾಲುವೆಯ ನೀರಿನಿಂದ ಅಂತರ್ಜಲ ಮೇಲೇರಿದರೆ ನೀರು ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ. ಅಲ್ಲಿ ಬಸಿಯದ ನೆಲ ಕೇವಲ ಜವುಳು. ನಮ್ಮಲ್ಲಿ ಅದು ಸವುಳು-ಜವುಳು ಎರಡೂ ಆಗುತ್ತದೆ.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಮೂಲತಃ ಹಗುರ ನೀರಾವರಿ ಬೆಳೆಗಳಿಗೆಂದು ಗೊತ್ತುಮಾಡಿದ್ದ ಭೂಮಿಯಲ್ಲೂ ಭತ್ತ ಬಂದುದರ ಫಲವನ್ನು ಅಲ್ಲಿಯ ರೈತರಿಗೆ ಬೇರೆಯವರು ಹೇಳಬೇಕಾಗಿಲ್ಲ. ಈ ಹಾನಿಯೂ ಮೆಲ್ಲಗೆ ಬರುವಂಥದು. ಮೊದಲು ಮೂಲೆಯಲ್ಲೊಂದು ಮಚ್ಚೆ, ಆಮೇಲೆ ಅರ್ಧ ಎಕರೆ. ಅತಿಯಾದರೆ ಅಮೃತವೂ ವಿಷವೆಂಬ ಮಾತು ನೀರಿಗೆ ಸಲ್ಲುವಷ್ಟು ಬೇರೆ ಯಾವುದಕ್ಕೂ ಸಲ್ಲದು.

ಏನು ಮಾಡಬೇಕು?

ಮೊದಲನೆಯದಾಗಿ, ಹೊಲದ ಎತ್ತರದಲ್ಲೊಂದು, ತಗ್ಗಿನಲ್ಲೊಂದು ನಾಲ್ಕು ಅಡಿ ಆಳದ ಗುಂಡಿ ತೋಡಿ ನೋಡಿ. ಬೇರು ಎಲ್ಲಿಯವರೆಗೆ ಇಳಿದಿದೆ, ಎಲ್ಲಿ ಅಡ್ಡ ತಿರುಗಿದೆ, ಬಿಗಿ ಪದರ ಎಷ್ಟು ಆಳದಲ್ಲಿದೆ, ಬೂದು ಅಥವಾ ತುಕ್ಕಿನ ಕಲೆಗಳಿವೆಯೇ ಎಂಬುದನ್ನು ಬರೆದಿಡಿ.

ಎರಡನೆಯದಾಗಿ, ಎರೆ ಮಣ್ಣಿನಲ್ಲಿ ಕಪ್ಪು ಬಣ್ಣ ಈ ಕಲೆಗಳನ್ನು ಮರೆಮಾಡುತ್ತದೆ. ಅಂಥ ಕಡೆ ಎಂಟು ಅಡಿ ಆಳಕ್ಕೆ ಕೊರೆದು ತೂತುಗಳುಳ್ಳ ಪ್ಲಾಸ್ಟಿಕ್ ಕೊಳವೆ ಇಳಿಸಿ, ಬಾಯಿ ಮುಚ್ಚಿಡಿ. ಹದಿನೈದು ದಿನಗಳಿಗೊಮ್ಮೆ ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು ನೀರಿನ ಮಟ್ಟ ಅಳೆಯಿರಿ. ಅದು 2 ಮೀಟರಿನೊಳಗೆ, ಅಂದರೆ ಆರೂವರೆ ಅಡಿಯೊಳಗೆ ಬಂದಿದ್ದರೆ ನಿಮ್ಮ ಭೂಮಿ ಜವುಳಿನ ಲೆಕ್ಕಕ್ಕೆ ಸೇರಿತೆಂದು ತಿಳಿಯಿರಿ. ಆಗ ಗೊಬ್ಬರ ಹೆಚ್ಚಿಸುವ ಬದಲು ನೀರು ಕಡಿಮೆ ಮಾಡಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಂಥ, ಈ ವಿಷಯದಲ್ಲಿ ಅನುಭವವಿರುವ ಕಡೆ ಸಲಹೆ ಪಡೆಯಿರಿ.

ಮೂರನೆಯದಾಗಿ, ನೀರು ಬಳಕೆದಾರರ ಸಹಕಾರ ಸಂಘಗಳು ಕಾಲುವೆಯ ಸರದಿಯ ಬಗ್ಗೆ ಮಾತ್ರ ಸಭೆ ಸೇರಿದರೆ ಸಾಲದು. ಹೂಳು ತುಂಬಿದ, ಒತ್ತುವರಿಯಾದ ಬಸಿಗಾಲುವೆ ಮತ್ತು ಹಳ್ಳಗಳೂ ಸಭೆಯ ಮುಂದೆ ಬರಲಿ. ನೀರು ತರುವ ಕಾಲುವೆಗೆ ಜಗಳವಾಡುವ ನಾವು ನೀರು ಒಯ್ಯುವ ಕಾಲುವೆಯನ್ನು ಮರೆತಿದ್ದೇವೆ.

ನಾಲ್ಕನೆಯದಾಗಿ, ಬಸಿದ ನೆಲಕ್ಕೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ, ದ್ವಿದಳ ಬೆಳೆಯ ಸರದಿ ತಪ್ಪಬಾರದು. ನೀರು ತೆಗೆದವನು ಸಾರ ತುಂಬದಿದ್ದರೆ ಮಾರೋ ತಾಕಿನ ಒಂಟಿ ಬೆಳೆಯ ಗತಿಯೇ ಅವನ ಹೊಲಕ್ಕೂ ಬರುತ್ತದೆ.

ಕೊನೆಯದಾಗಿ, ಇಲಾಖೆಯವರಲ್ಲಿಯೂ ವಿಶ್ವವಿದ್ಯಾಲಯಗಳವರಲ್ಲಿಯೂ ಒಂದು ಮಾತು. ಅಮೆರಿಕದ ಮಣ್ಣು ಸಮೀಕ್ಷೆಯ ವರದಿಯಲ್ಲಿ ಪ್ರತಿಯೊಂದು ಮಣ್ಣಿನ ಬಸಿಯುವ ದರ್ಜೆ, ನೀರು ಏರುವ ಆಳ ಮತ್ತು ತಿಂಗಳು ಎಲ್ಲವೂ ರೈತನಿಗೆ ಸಿಗುತ್ತವೆ. ನಮ್ಮ ಮಣ್ಣು ಆರೋಗ್ಯ ಚೀಟಿಗೂ ಹದಿಮೂರನೆಯ ಸಾಲೊಂದು ಸೇರಲಿ: ಈ ಹೊಲದಲ್ಲಿ ನೀರು ಎಷ್ಟು ಆಳದಲ್ಲಿ ನಿಲ್ಲುತ್ತದೆ? ಅದಕ್ಕೆ ಪ್ರಯೋಗಾಲಯ ಬೇಡ. ಗುದ್ದಲಿ, ದಾರ, ನೋಡುವ ಕಣ್ಣು ಇದ್ದರೆ ಸಾಕು. ಆ ಸಾಲು ಚೀಟಿಯಲ್ಲಿ ಬರುವವರೆಗೆ ಕಾಯಬೇಡಿ. ಈ ಸುಗ್ಗಿ ಮುಗಿದ ಕೂಡಲೇ ಗುದ್ದಲಿ ಹಿಡಿದು ನಿಮ್ಮ ಕೈಯಿಂದಲೇ ಅದನ್ನು ಬರೆದುಕೊಳ್ಳಿ.