ಚಾಕುವಿಗೂ ಜಾತಿ ಉಂಟೇನ್ರೀ?

ನನ್ನ ಆಫೀಸ್ ಗೆಳೆಯರಲ್ಲಿ ಎರಡು ಪಂಗಡ: ವಿಕ್ಟೋರಿನಾಕ್ಸ್, ಲೆದರ್‌ಮನ್. ಇವರಿಗೆ ಅವರದ್ದು 'ಚಾಕು ಅಂಟಿಸಿದ ಇಕ್ಕಳ', ಅವರಿಗೆ ಇವರದ್ದು 'ಕೆಂಪು ಆಟಿಕೆ'. ಇಬ್ಬರೂ ಅದರಲ್ಲಿ ಕೊಯ್ಯೋದು ಮಾತ್ರ ಕೊರಿಯರ್ ಡಬ್ಬ!

ಸ್ವಾಮಿ, ಸ್ವಿಸ್ ಸೇನೆಗೆ ದಶಕಗಟ್ಟಲೆ ಚಾಕು ಕೊಟ್ಟಿದ್ದು ಎರಡು ಕಂಪನಿ. ವಿಕ್ಟೋರಿನಾಕ್ಸ್ ತಾನು 'ಒರಿಜಿನಲ್' ಅಂದಿತು, ವೆಂಗರ್ ತಾನು 'ಜೆನ್ಯೂಯಿನ್' ಅಂದಿತು. 2005ರಲ್ಲಿ ವಿಕ್ಟೋರಿನಾಕ್ಸ್ ವೆಂಗರನ್ನೇ ಕೊಂಡುಕೊಂಡಿತು. ಕಂಪನಿಗಳೇನೋ ಒಂದಾದವು, ಅವುಗಳ ಪರವಾಗಿ ಕಚ್ಚಾಡಿದವರಿಗೆ ಸಿಕ್ಕಿದ್ದೇನು?

ಲೆದರ್‌ಮನ್ ಭಕ್ತರೇ, ನೀವೂ ಕೇಳಿ. 1975ರಲ್ಲಿ ಟಿಮ್ ಲೆದರ್‌ಮನ್ ಯುರೋಪ್ ಸುತ್ತುವಾಗ ಹಳೇ ಫಿಯಟ್ ಕಾರು ಪದೇಪದೇ ಕೈಕೊಟ್ಟಿತು. ಜೇಬಿನ ಚಾಕು ಸಾಲದು, ಜೊತೆಗೊಂದು ಇಕ್ಕಳವೂ ಇರಬೇಕಿತ್ತು ಅನ್ನಿಸಿತು. ಆತ ತನ್ನ ಚಾಕುವಿಗೆ ನಿಷ್ಠನಾಗಿ ಕೂತಿದ್ದರೆ ಲೆದರ್‌ಮನ್ ಹುಟ್ಟುತ್ತಲೇ ಇರಲಿಲ್ಲ!

ನಿಷ್ಠೆ ನಮ್ಮಪ್ಪನಿಗೂ ಇತ್ತು, ಊರಿನ ಕುಲುಮೆಯ ಆಚಾರಿಯ ಮೇಲೆ. ಕತ್ತಿ ಮೊಂಡಾದರೆ ಹೋಗಿ ಬೈಯೋರು. "ಕಲ್ಲಿಗೆ ಹೊಡೆದಿದ್ದೀರಿ, ಗೌಡ್ರೇ" ಅಂತ ಆಚಾರಿ ತಿರುಗಿ ಬೈದು, ಕಾಸಿ ತಟ್ಟಿ ಕೊಡೋರು. ಅದು ಇಬ್ಬರು ಮನುಷ್ಯರ ನಡುವಿನ ನಂಬಿಕೆ. ನಮ್ಮದು? ಮುಖ ನೋಡದ ಕಂಪನಿಗೆ ಸಂಬಳವಿಲ್ಲದ ಸೇಲ್ಸ್‌ಮನ್ ಕೆಲಸ.

ನಾನೇನು ಸಾಚಾ ಅಲ್ಲ. ಮೊನ್ನೆ ಮನೆಯ ನಲ್ಲಿ ಸಡಿಲವಾದಾಗ, ಸೊಂಟದಲ್ಲಿ ಲೆದರ್‌ಮನ್ ಇಟ್ಟುಕೊಂಡೇ ಪ್ಲಂಬರ್‌ಗೆ ಫೋನ್ ಮಾಡಿದೆ. ಬಂದವನು ಕೇಳಿದ: "ಸಾರ್, ಒಂದು ಇಕ್ಕಳ ಇದ್ಯಾ?"