ಗಣಪತಿಯ ದುಡ್ಡು ಯಾರ ಖಾತೆಯಲ್ಲಿ?



ಚೌತಿ ಹತ್ತಿರವಾದಂತೆ ಬೀದಿಬೀದಿಗೂ ರಸೀದಿ ಪುಸ್ತಕದ ಜೊತೆ ಕ್ಯೂಆರ್ ಕೋಡ್ ಬರುತ್ತದೆ. ಸ್ಕ್ಯಾನ್ ಮಾಡಿದರೆ ಕಾಣುವುದು ಸಮಿತಿಯ ಹೆಸರಲ್ಲ, ಖಜಾಂಚಿಯದು! ನಮ್ಮ ಸಂಘದಲ್ಲೂ ಹೀಗೇ ಇತ್ತು. ಖಜಾಂಚಿ ಪ್ರಾಮಾಣಿಕರೇ, ಆದರೆ ಅವರು ಆಸ್ಪತ್ರೆ ಸೇರಿದಾಗ ಶಾಮಿಯಾನದವರಿಗೆ ಕೊಡಲು ದುಡ್ಡು ಇದ್ದೂ ಇಲ್ಲದಂತಾಯಿತು.

ನೋಂದಣಿಯಾಗದ ಸಂಘವೂ ಆಡಳಿತ ಮಂಡಳಿಯ ನಿರ್ಣಯ, ಅಧಿಕಾರ ಪತ್ರ, ಪ್ಯಾನ್ ಅಥವಾ ಪ್ಯಾನ್ ಇಲ್ಲದವರ ಘೋಷಣಾ ಪತ್ರ, ಸಹಿದಾರರ ಗುರುತಿನ ದಾಖಲೆ ಕೊಟ್ಟು ಬ್ಯಾಂಕಿನಲ್ಲಿ ತನ್ನದೇ ಹೆಸರಲ್ಲಿ ಖಾತೆ ತೆರೆಯಬಹುದು. ಆದರೆ ಸಾಮಾನ್ಯವಾಗಿ ಸಿಗುವುದು ಚಾಲ್ತಿ ಖಾತೆ. ಬಡ್ಡಿಯಿಲ್ಲ, ಮಿನಿಮಮ್ ಬ್ಯಾಲೆನ್ಸಿನ ಕಾಟ ಬೇರೆ. ಕನಿಷ್ಠ 7 ಮಂದಿ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದರೆ ಉಳಿತಾಯ ಖಾತೆಗೂ ಅರ್ಹತೆ ಬರುತ್ತದೆ. ವರ್ಷವರ್ಷವೂ ಲೆಕ್ಕ ಒಪ್ಪಿಸುವ ಹೊಣೆಯೂ ಜೊತೆಗೇ ಬರುತ್ತದೆ, ಅದು ಒಳ್ಳೆಯದೇ.

ಬಡ್ಡಿ ದರಕ್ಕಿಂತ ಮೊದಲು ಕೇಳಬೇಕಾದದ್ದು: ಹುಂಡಿಯ ಚಿಲ್ಲರೆಯನ್ನು ಶಾಖೆ ತೆಗೆದುಕೊಳ್ಳುತ್ತದೆಯೇ? ನಗದು ಕಟ್ಟಲು ಶುಲ್ಕವೆಷ್ಟು? ಸಂಘದ ಹೆಸರಲ್ಲೇ ಕ್ಯೂಆರ್ ಸಿಗುತ್ತದೆಯೇ? ಪದಾಧಿಕಾರಿಗಳು ಬದಲಾದರೆ ಸಹಿ ಬದಲಿಸುವುದು ಸುಲಭವೇ?

ಹಣ ತೆಗೆಯಲು ಇಬ್ಬರ ಸಹಿ ಇರಲಿ. ಅದು ಅನುಮಾನವಲ್ಲ, ಖಜಾಂಚಿಯ ಮರ್ಯಾದೆಗೇ ಕಾವಲು.

– ಮಾಜಿ ಕಾರ್ಯದರ್ಶಿ, ಯುವಕ ಸಂಘ, ಸಾಗರ