ಬಾಲಾಶ್ರಯಗಳೂ ದಾನಿಗಳೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಉದಾರ ಗೃಹಸ್ಥರು ಹುಟ್ಟುಹಬ್ಬದ ದಿನ, ಸ್ವಾತಂತ್ರ್ಯೋತ್ಸವದ ದಿನ ಮಕ್ಕಳ ಆಶ್ರಯಧಾಮಗಳಿಗೆ ಹೋಗಿ ವಹಿ, ಪೆನ್ಸಿಲು, ಪಾಟೀಚೀಲಗಳನ್ನು ಹಂಚುವುದುಂಟು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಈ ದಾನದ ರೀತಿಯ ಕುರಿತು ಎರಡು ಮಾತು ಹೇಳದೆ ಇರಲಾರೆವು. ಅದರಿಂದ ಕೆಲವು ಮಹಾಶಯರಿಗೆ ಅಸಮಾಧಾನವಾದರೆ ನಾವು ನಿರುಪಾಯರು.

ಇಂತಹದೊಂದು ಸಮಾರಂಭವನ್ನು ನಾವು ಕಣ್ಣಾರೆ ಕಂಡೆವು. ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಲಾಗಿತ್ತು. ಅತಿಥಿಗಳು ತಡವಾಗಿ ಬಂದರು. ಬಂದ ಮೇಲೆ ಹಾರ, ಭಾಷಣ, ಆಭಾರ ಮನ್ನಣೆ. ಚಿತ್ರವು ಸರಿಬರಲಿಲ್ಲವೆಂದು ಒಬ್ಬ ಹುಡುಗಿಗೆ ಕೊಟ್ಟ ವಹಿಯನ್ನು ಮರಳಿ ಪಡೆದು ಮೂರು ಸಲ ಕೊಟ್ಟರು! ಸಂಜೆಯೊಳಗಾಗಿ ಆ ಮಗುವಿನ ಮುಖವು ಊರವರ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಮರುದಿನ ಆಕೆಯು ಸಾಲೆಯಲ್ಲಿ ಸಹಪಾಠಿಗಳ ನಡುವೆ ಕೂಡ್ರಬೇಕಲ್ಲವೆ? ಕೊಟ್ಟವರಾರೂ ಅದನ್ನು ನೆನೆದಂತೆ ತೋರಲಿಲ್ಲ. ಏಳನೆಯ ಇಯತ್ತೆಯ ಮಕ್ಕಳಿಗೆ ಸಿಕ್ಕದ್ದು ನಾಲ್ಕು ಗೆರೆಯ ಕಾಪಿ. ಅವರಿಗೆ ಬೇಕಾಗಿದ್ದದ್ದು ಕಂಪಾಸ ಪೆಟ್ಟಿಗೆ.

2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮು ಪಾಲನೆ ಪೋಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಸಾಲೆ, ಭಾವಚಿತ್ರಗಳನ್ನು ಪ್ರಕಟಿಸಕೂಡದೆಂದು ವಿಧಿಸಿದೆ. ಮೀರಿದವರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ದಾನಿಗಳನ್ನಷ್ಟೇ ದೂರಿ ಫಲವಿಲ್ಲ. ಇಂತಹ ಚಿತ್ರಗಳನ್ನು ಅಚ್ಚಿಸುವ ಪತ್ರಿಕೆಗಳೂ ಈ ಅಪರಾಧದಲ್ಲಿ ಪಾಲುಗಾರರೇ. ನಮ್ಮ ಕಸುಬಿನವರು ಮೊದಲು ತಮ್ಮ ಮನೆಯ ಅಂಗಳವನ್ನು ಗುಡಿಸಿಕೊಳ್ಳಲಿ.

ಈ ಸೀಮೆಯು ಬೇರೊಂದು ಬಗೆಯ ಔದಾರ್ಯವನ್ನು ಕಂಡದ್ದಿದೆ. ರಾಯಬಾಗವು 1949ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಶಾಹೂ ಮಹಾರಾಜರು 1901ರಿಂದ ವಿದ್ಯಾರ್ಥಿನಿಲಯಗಳನ್ನು ತೆರೆಯಿಸುತ್ತ ಬಂದರು. ಮುಂದೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿ, ಮಕ್ಕಳನ್ನು ಸಾಲೆಗೆ ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡವನ್ನು ಗೊತ್ತುಪಡಿಸಿದರು. ಕುಂಭೋಜದಲ್ಲಿ ಜನಿಸಿದ ಭಾವೂರಾವ ಪಾಟೀಲರು 1924ರಲ್ಲಿ ಸಾತಾರೆಯಲ್ಲಿ ತೆರೆದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಯ ಬಡ ಹುಡುಗರು ಒಂದೇ ಪಂಕ್ತಿಯಲ್ಲಿ ಉಂಡರು, ದುಡಿದು ಕಲಿತರು. ಅಲ್ಲಿ ವಿದ್ಯೆಯು ಮಗುವಿನ ಹಕ್ಕಾಗಿತ್ತೇ ಹೊರತು ಕೈಯೊಡ್ಡಿ ಪಡೆಯತಕ್ಕ ಪದಾರ್ಥವಾಗಿರಲಿಲ್ಲ.

ಹಾಗಾದರೆ ಕೊಡಲೇಬಾರದೆ? ಅವಶ್ಯವಾಗಿ ಕೊಡಬೇಕು, ಆದರೆ ಕೇಳಿ ಕೊಡಬೇಕು. ಗಡಿಸೀಮೆಯ ಒಂದೇ ಆಶ್ರಯದಲ್ಲಿ ಕನ್ನಡ ಸಾಲೆಯ ಮಗುವೂ ಮರಾಠಿ ಸಾಲೆಯ ಮಗುವೂ ಇರಬಹುದು. ಒಂದೇ ಬಗೆಯ ಪುಸ್ತಕಗಳ ಕಟ್ಟನ್ನು ಇಳಿಸಿ ಹೋದರೆ ಯಾರಿಗೆ ಉಪಯೋಗ? ಆಶ್ರಯವು ಸರಕಾರದಲ್ಲಿ ನೋಂದಣಿಯಾಗಿದೆಯೋ ಇಲ್ಲವೋ ಎಂಬುದನ್ನೂ ವಿಚಾರಿಸತಕ್ಕದ್ದು. ಸಾಮಾನನ್ನು ಮೇಲ್ವಿಚಾರಕರ ವಶಕ್ಕೆ ಕೊಟ್ಟು ಪಾವತಿ ಪಡೆದರೆ ಸಾಕು. ಅಗಸ್ಟ 15ಕ್ಕೆ ರಾಶಿ ಬೀಳುವ ವಹಿಗಳು ಜನವರಿಯ ಹೊತ್ತಿಗೆ ತೀರಿರುತ್ತವೆ. ಪರೀಕ್ಷೆಗಳು ಬರುವುದು ಆ ಬಳಿಕ.

ಇನ್ನೊಂದು ಮಾತು. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಿರಬೇಕೆಂಬುದು ಅದೇ ಕಾಯಿದೆಯ ತತ್ವ. ಮನೆಯಲ್ಲಿಯೇ ಇಟ್ಟು ಓದಿಸಲು ಕೇಂದ್ರ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4000 ರೂಪಾಯಿಗಳ ಪ್ರಾಯೋಜಕತ್ವವುಂಟು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ವಿಧವೆಗೆ ಇದನ್ನು ಯಾರು ತಿಳಿಸಬೇಕು? ಅರ್ಜಿಯನ್ನು ಯಾರು ಬರೆದುಕೊಡಬೇಕು? 2019ರ ಅಗಸ್ಟದಲ್ಲಿ ಕೃಷ್ಣೆಯು ಉಕ್ಕಿದಾಗ ದಂಡೆಯ ಊರುಗಳ ಮಕ್ಕಳು ದಫ್ತರವನ್ನೂ ಬಿಟ್ಟು ಗಂಜಿ ಕೇಂದ್ರಗಳನ್ನು ಸೇರಿದ್ದರು. ಅಂದು ಕೇಳದೆಯೇ ಓಡಿಬಂದ ತರುಣರು ಇಂದೂ ಇದ್ದಾರೆ. ಕಬ್ಬಿನ ಹಂಗಾಮು ಆರಂಭವಾದೊಡನೆ ಉಗಾರದಂತಹ ಕಾರಖಾನೆಗಳ ಸುತ್ತ ಕಡಿಯುವವರ ಗುಡಿಸಲುಗಳು ಏಳುತ್ತವೆ. ಅಲ್ಲಿಯ ಮಕ್ಕಳ ಹೆಸರನ್ನು ಸಮೀಪದ ಸಾಲೆಯ ಹಾಜರಿಯಲ್ಲಿ ಬರೆಯಿಸುವ ಕೆಲಸವನ್ನು ಈ ತರುಣರು ಕೈಗೊಳ್ಳಲಿ. ವಹಿಗಳ ಕಟ್ಟನ್ನು ಆ ಮೇಲೆ ಒಯ್ಯಲಿ.